ಸರಿಹೋದ ಮುಳ್ಳು

ಅಡುಗೆಮನೆಯ ವೆಂಟಿಲೇಟರಿನ ಗಾಜಿನ ಪಟ್ಟಿಗಳಲ್ಲಿ ಇನ್ನೊಂದೇ ಒಂದು ಉಳಿದಿತ್ತು. ಅಷ್ಟರಲ್ಲಿ ಮಂಜುಳಾಳ ಕೈಯಲ್ಲಿದ್ದ ಹಳೆಯ ಪೇಪರು ಒಗ್ಗರಣೆಯ ಜಿಡ್ಡನ್ನೆಲ್ಲ ಹೀರಿಕೊಂಡು ಮುದ್ದೆಯಾಗಿ, ಇನ್ನು ನನ್ನ ಕೈಲಾಗದು ಎಂದುಬಿಟ್ಟಿತು. ಅವಳು ಸ್ಟೂಲಿನ ಮೇಲೆ ನಿಂತ ಹಾಗೆಯೇ ಪಕ್ಕದ ಪುಟ್ಟ ಹಿಡಿಯನ್ನು ಮೆಲ್ಲಗೆ ಕೆಳಗೆಳೆದಳು. ಪಟ್ಟಿಗಳೆಲ್ಲ ಒಟ್ಟಿಗೆ ಒಂದೇ ಓರೆಗೆ ತಿರುಗಿದವು. ಹಿತ್ತಲ ಗಾಳಿ ನುಗ್ಗಿ ಹಾಲಿನ ಪಾತ್ರೆಯ ಕೆಳಗಿನ ಉರಿ ಒಂದು ಪಕ್ಕಕ್ಕೆ ಬಾಗಿತು. ಹಿಡಿಯನ್ನು ಮೇಲಕ್ಕೆ ತಳ್ಳಿದಳು, ಉರಿ ನೆಟ್ಟಗಾಯಿತು. ಮತ್ತೆ ಎಳೆದಳು. ಮತ್ತೆ ತಳ್ಳಿದಳು.

"ಏನೇ ಅದು, ಮಗೀನಂಗೆ ಕಿಟಕಿ ಜೊತೆ ಆಟ ಕಟ್ಟಿದೀಯ?" ಬಾಗಿಲಲ್ಲಿ ಅತ್ತೆ ಸಣ್ಣತಾಯಮ್ಮ ನಿಂತಿದ್ದರು. ಹೊಸ ಸೀರೆ ಉಟ್ಟಾಗಿತ್ತು, ತಲೆ ಮಾತ್ರ ಇನ್ನೂ ಬಾಚಿರಲಿಲ್ಲ.

"ಆಟ ಅಲ್ಲ ಅತ್ತೆ, ಪರೀಕ್ಷೆ."

"ಮಾಡವ್ವ, ಮಾಡು. ನಾಳೆಗೆ ಮುಗುದೋಯ್ತದಲ್ಲ. ನಾಳಿದ್ದಿಂದ ಕಿಟಕಿ ಬರೀ ಕಿಟಕಿಯಾಗೇ ಇರ್ತದೆ."

ಮಂಜುಳಾ ನಕ್ಕು ಕೆಳಗಿಳಿದಳು. ಕೊನೆಯ ಪಟ್ಟಿ ಹಾಗೇ ಉಳಿಯಿತು.

ಅವಳು ಹಾಸನದ ಪಾಲಿಟೆಕ್ನಿಕ್ಕಿನಲ್ಲಿ ಮೆಕ್ಯಾನಿಕಲ್ ಪಾಠ ಮಾಡುವ ಮೇಷ್ಟ್ರಮ್ಮ. ಅರಸೀಕೆರೆಯಿಂದ ದಿನಾ ರೈಲಿನಲ್ಲಿ ಹೋಗಿ ಬಂದು, ಉಳಿದ ಹೊತ್ತಿನಲ್ಲಿ ಪಿಎಚ್.ಡಿ. ಓದು. ಓದುತ್ತಿದ್ದುದು ಗ್ಯಾಸ್ ಟರ್ಬೈನಿನ ಕಂಪ್ರೆಸರ್ ಬಗ್ಗೆ. ಗಾಳಿಯನ್ನು ಎಳೆದುಕೊಂಡು, ಅದುಮಿ ಅದುಮಿ ಉರಿಯ ಕಡೆಗೆ ಕಳಿಸುವ ಭಾಗ ಅದು. ಅದರ ಬಾಯಲ್ಲಿ ಉಂಗುರದ ಹಾಗೆ ಸುತ್ತಲೂ ಲೋಹದ ಪಟ್ಟಿಗಳಿರುತ್ತವೆ. ಗೈಡ್ ವೇನ್ ಅಂತ ಹೆಸರು. ಊರಿಗೆಲ್ಲ ಕರೆಂಟು ಬೇಕಾದಾಗ ಅವು ಅಗಲ ತೆರೆದುಕೊಳ್ಳುತ್ತವೆ, ಅಷ್ಟು ಬೇಡವೆಂದಾಗ ಎಲ್ಲವೂ ಒಟ್ಟಿಗೆ ಓರೆಯಾಗಿ ಗಾಳಿಯನ್ನು ತಡೆಯುತ್ತವೆ. ಯಂತ್ರ ಮಾಡಿದ ಕಂಪನಿಯವರು ವೇನ್‌ಗಳು ಪೂರ್ತಿ ತೆರೆದಿದ್ದಾಗಿನ ಗಾಳಿ, ಒತ್ತಡಗಳ ನಕ್ಷೆಯನ್ನಷ್ಟೇ ಕೊಡುತ್ತಾರೆ. ಓರೆಯಾದರೆ ಎಷ್ಟು ಗಾಳಿ ಒಳಗೆ ಹೋಗುತ್ತದೆ, ಒತ್ತಡ ಎಷ್ಟು ಇಳಿಯುತ್ತದೆ, ಯಂತ್ರಕ್ಕೆ ಎಷ್ಟು ಸುಸ್ತಾಗುತ್ತದೆ? ಅದನ್ನು ಯಂತ್ರ ಮುಟ್ಟದೆ ಕಂಪ್ಯೂಟರಿನಲ್ಲಿ ಲೆಕ್ಕ ಕಟ್ಟಿ ಹೇಳುವುದು ಮಂಜುಳಾಳ ಕೆಲಸ.

ಸಣ್ಣತಾಯಮ್ಮ ಇದನ್ನು ಬೀದಿಯವರಿಗೆ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಿದ್ದರು: "ನಮ್ಮ ಸೊಸೆ ಗಾಳಿಗೆ ದಾರಿ ತೋರ್ಸೋದು ಓದ್ತಾವ್ಳೆ." ಪಿಎಚ್.ಡಿ.ಗೆ ಅವಳ ಗೈಡಾಗಿದ್ದ ಉಮಾಶಂಕರ್ ಸರ್ ಥೀಸಿಸ್ಸಿನ ಮೊದಲ ಅಧ್ಯಾಯದಲ್ಲಿ ಹನ್ನೆರಡು ಪುಟ ತೆಗೆದುಕೊಂಡು ಹೇಳಿಸಿದ್ದೂ ಸುಮಾರಾಗಿ ಅದನ್ನೇ. ಕರೆಂಟು ಹೋಗಿ ಕಂಪ್ಯೂಟರಿನ ಯುಪಿಎಸ್ ಕುಂಯ್ ಕುಂಯ್ ಎಂದು ಅಳತೊಡಗಿದಾಗಲಂತೂ ಅತ್ತೆಗೆ ಹಬ್ಬ. "ಕರೆಂಟ್ ಮಾಡೋ ಮಿಷಿನ್ ಓದೋಳ ಮನೇಲೇ ಕರೆಂಟಿಲ್ಲ. ನಿಮ್ಮ ಮಿಷಿನ್‌ಗೆ ಒಂದ್ ಮಾತು ಹೇಳ್ಬಾರ್ದೇನೇ, ನಮ್ಮ ಕಡೀಕೂ ವಸಿ ತಿರುಕ್ಕೋ ಅಂತ?"

ಆ ಭಾನುವಾರ ಎಲ್ಲರೂ ಮಾದಿಹಳ್ಳಿಗೆ ಹೊರಟಿದ್ದರು. ಸಣ್ಣತಾಯಮ್ಮನವರ ತಮ್ಮ ತಮ್ಮಯ್ಯ ಹೊಸ ಮನೆ ಕಟ್ಟಿಸಿದ್ದ. ಬುದ್ಧ ವಂದನೆ, ಆಮೇಲೆ ಊಟ. ಹಳೇಬೀಡಿನ ಬಸ್ಸು ಹಿಡಿದು ಅಲ್ಲಿಂದ ಇನ್ನೊಂದು ಬಸ್ಸಿಗೆ ಹೋಗಬೇಕು. ಮಂಜುಳಾಳ ಗಂಡ ಸಿದ್ಧಾರ್ಥ ಬಾಣಾವರದ ಬ್ಯಾಂಕಿನಲ್ಲಿ ಗುಮಾಸ್ತ. ಭಾನುವಾರ ವಾಚು ಕಟ್ಟಿದರೆ ಕೈಗೆ ರಜೆ ಸಿಕ್ಕ ಹಾಗಾಗುವುದಿಲ್ಲ ಎನ್ನುವ ಆಸಾಮಿ. ಶೇವಿಂಗ್ ಮಾಡಿಕೊಳ್ಳುತ್ತ ಕನ್ನಡಿಯೊಳಗಿಂದಲೇ ಗೋಡೆಯ ಗಡಿಯಾರ ನೋಡಿದ.

ಈ ಗಡಿಯಾರದ ವಿಷಯ ಹೇಳಬೇಕು. ನಡುಮನೆಯಲ್ಲಿ ಬಾಬಾಸಾಹೇಬರ ಫೋಟೋ ಪಕ್ಕದಲ್ಲಿ ಅದು ಕಾಲು ಗಂಟೆ ಮುಂದಕ್ಕೆ ನಡೆಯುತ್ತಿತ್ತು. ಕೆಟ್ಟು ಹೋಗಿ ಅಲ್ಲ, ಬೇಕೆಂದೇ. ಮದುವೆಯಾದ ಹೊಸತರಲ್ಲಿ ಮಂಜುಳಾ ಎರಡು ಸಲ ರೈಲು ತಪ್ಪಿಸಿಕೊಂಡಿದ್ದಳು. ಎರಡನೆಯ ಸಲ ತಪ್ಪಿದ ದಿನ ಸಂಜೆಯೇ ಸಿದ್ಧಾರ್ಥ ಕುರ್ಚಿ ಹತ್ತಿ ಮುಳ್ಳು ತಿರುಗಿಸಿ, "ಇದು ಮಂಜುಳಾ ಟೈಮ್" ಎಂದು ಘೋಷಿಸಿದ್ದ. ಆಮೇಲೆ ಅವಳು ರೈಲು ತಪ್ಪಿಸಿಕೊಂಡದ್ದು ಯಾರಿಗೂ ನೆನಪಿಲ್ಲ. ಆದರೆ ಮುಳ್ಳನ್ನು ಹಿಂದಕ್ಕೆ ತರುವ ಯೋಚನೆಯೂ ಯಾರಿಗೂ ಬರಲಿಲ್ಲ. ಮಗಳು ಧನುಶ್ರೀ ಗಡಿಯಾರ ನೋಡಲು ಕಲಿತದ್ದೇ ಕಾಲು ಗಂಟೆ ಕಳೆಯುವ ಲೆಕ್ಕದೊಂದಿಗೆ. ಮನೆಯವರೆಲ್ಲ ಕಳೆಯುತ್ತಿದ್ದರು. ಕಳೆದು ಉಳಿದದ್ದರಲ್ಲಿ ನಿಧಾನವಾಗಿ ಕಾಫಿ ಕುಡಿಯುತ್ತಿದ್ದರು. ಗಡಿಯಾರ ಮುಂದಿದ್ದೂ ಯಾರೂ ಬೇಗ ಹೊರಡುತ್ತಿರಲಿಲ್ಲ. ಆದರೂ ಅದು ಮುಂದಿರುವುದು ಮಂಜುಳಾಳ ಸಲುವಾಗಿ ಎನ್ನುವುದು ಮಾತ್ರ ಖಾಯಂ.

"ಹೊರಡೋಣ್ವೇನ್ರೀ?" ಬ್ಯಾಗು ಹೆಗಲಿಗೆ ಹಾಕಿಕೊಂಡು ಮಂಜುಳಾ ಕೇಳಿದಳು. ಎಲ್ಲರಿಗಿಂತ ಮೊದಲು ಸಿದ್ಧಳಾದವಳು ಅವಳೇ.

"ಇನ್ನೂ ಕಾಲು ಗಂಟೆ ಇದೆ ಕಣೇ. ಗಡಿಯಾರ ನೋಡಿ ಹೆದರ್ಕೋಬೇಡ, ಅದು ನಿನ್ನದು."

"ಅದೇ ಮತ್ತೆ," ಎಂದರು ಸಣ್ಣತಾಯಮ್ಮ ಬಾಚಣಿಗೆ ಹುಡುಕುತ್ತ. "ಬೇಕಾದಷ್ಟು ಹೊತ್ತೈತೆ."

ಸರಿ ಎಂದು ಅವಳೂ ಮನಸ್ಸಿನಲ್ಲೇ ಕಾಲು ಗಂಟೆ ಕಳೆದು ಕುಳಿತಳು. ಎದುರಿಗೆ ಮೇಜಿನ ಮೇಲೆ ಥೀಸಿಸ್ಸಿನ ಕಟ್ಟು ಇತ್ತು. ಕೆಂಪು ಟೇಪಿನಲ್ಲಿ ಕಟ್ಟಿದ್ದು. ನಾಳೆ ಅದನ್ನು ಹಾಸನಕ್ಕೆ ಒಯ್ದು ಉಮಾಶಂಕರ್ ಸರ್ ಕೈಯಲ್ಲಿಟ್ಟರೆ ಅವರು ಸಹಿ ಹಾಕುತ್ತಾರೆ, ಬೈಂಡಿಂಗಿಗೆ ಹೋಗುತ್ತದೆ. ಈ ತಿಂಗಳ ಕೊನೆಗೆ ಅವರಿಗೆ ನಿವೃತ್ತಿ. ನಾಳೆ ಕೊಡದಿದ್ದರೆ ಹೊಸ ಗೈಡು ಹುಡುಕಬೇಕು, ಅವರಿಗೆ ಗಾಳಿಯ ದಾರಿಯನ್ನು ಮತ್ತೆ ಮೊದಲಿನಿಂದ ತೋರಿಸಬೇಕು. ಕಡಿಮೆಯೆಂದರೂ ಇನ್ನೊಂದು ವರ್ಷ.

ಕೊಡುವುದಕ್ಕೇನೂ ಅಡ್ಡಿ ಇರಲಿಲ್ಲ. ಇದ್ದದ್ದು ಐದನೆಯ ಅಧ್ಯಾಯ.

ಐದನೆಯ ಅಧ್ಯಾಯದಲ್ಲಿ ಅವಳು ತನ್ನ ಲೆಕ್ಕವನ್ನು ನಿಜವಾದ ಯಂತ್ರದ ಮುಂದೆ ಹಿಡಿದು ನೋಡಬೇಕಿತ್ತು. ಬೆಂಗಳೂರಿನ ಆಚೆಯ ಒಂದು ವಿದ್ಯುತ್ ಕೇಂದ್ರದವರು ಎರಡು ವರ್ಷದ ಅಳತೆಗಳನ್ನು ಕೊಟ್ಟಿದ್ದರು. ವೇನ್ ಎಷ್ಟು ಡಿಗ್ರಿ ತೆರೆದಿದೆ, ಗಾಳಿ ಎಷ್ಟು, ಒತ್ತಡ ಎಷ್ಟು. ಮೊದಲ ಸಲ ಅಲ್ಲಿಗೆ ಹೋದಾಗ ಕಂಟ್ರೋಲ್ ರೂಮಿನಲ್ಲಿ ಶಿಫ್ಟಿನ ಎಂಜಿನಿಯರ್ ಕಲ್ಲೇಶಪ್ಪ ಒಂದು ಡಯಲು ತೋರಿಸಿದ್ದ. ಗಾಜಿನ ಮೇಲೆ ಚೀಟಿ ಅಂಟಿಸಿತ್ತು: ಮೂರು ಕಳೆಯಿರಿ. "ಈ ಮುಳ್ಳು ಮೂರು ಡಿಗ್ರಿ ಜಾಸ್ತಿ ತೋರಿಸುತ್ತೆ ಮೇಡಂ. ನಾವೆಲ್ಲ ಕಳೆದೇ ಬರೆಯೋದು. ನೀವು ಮತ್ತೆ ಕಳೆಯೋಕೆ ಹೋಗ್ಬೇಡಿ," ಎಂದಿದ್ದ. ಎಷ್ಟು ಚೊಕ್ಕದ ಜನ ಎಂದು ಅವಳಿಗೆ ಖುಷಿಯಾಗಿತ್ತು.

ಗ್ರಾಫಿನಲ್ಲಿ ಮೊದಲ ವರ್ಷದ ಅಳತೆಯ ಚುಕ್ಕೆಗಳೆಲ್ಲ ಬಂದು ಅವಳ ಲೆಕ್ಕದ ಗೆರೆಯ ಮೇಲೆ ತಂತಿಯ ಮೇಲಿನ ಗುಬ್ಬಿಗಳ ಹಾಗೆ ಕುಳಿತವು. ಎರಡನೆಯ ವರ್ಷದ ಚುಕ್ಕೆಗಳು ಕುಳಿತುಕೊಳ್ಳಲಿಲ್ಲ. ಗೆರೆಯಿಂದ ಮೇಲೆ ಹಾರಿಕೊಂಡೇ ಇದ್ದವು. ಅವಳ ಲೆಕ್ಕ ಹೇಳುವುದಕ್ಕಿಂತ ಹೆಚ್ಚು ಗಾಳಿಯನ್ನು ಯಂತ್ರ ನುಂಗುತ್ತಿತ್ತು. ವೇನ್ ಮುಚ್ಚಿಕೊಂಡಷ್ಟೂ ಆ ಹೆಚ್ಚಳ ಇನ್ನೂ ಹೆಚ್ಚು. ಧೂಳು ಕೂತು, ಸವೆದು, ವರ್ಷ ಕಳೆದ ಹಾಗೆ ಯಂತ್ರ ಸೊರಗುವುದು ಲೋಕರೂಢಿ. ಇದು ಹುರುಪಾಗುತ್ತಿತ್ತು.

"ನಮ್ಮಮ್ಮನ ಜಾತಿ ಮಿಷಿನ್ನು," ಎಂದಿದ್ದ ಸಿದ್ಧಾರ್ಥ. "ವಯಸ್ಸಾದಷ್ಟೂ ಜೋರು."

ಮಂಜುಳಾ ತನ್ನ ಲೆಕ್ಕದಲ್ಲೇ ತಪ್ಪು ಹುಡುಕಿದಳು. ಬೇರೆ ಎಲ್ಲಿ ಹುಡುಕಬೇಕೆಂದು ಹೊಳೆಯಲೇ ಇಲ್ಲ. ಸೂತ್ರಗಳನ್ನು ಬಿಚ್ಚಿ ಮತ್ತೆ ಕಟ್ಟಿದಳು. ಉಪ್ಪಿಟ್ಟಿಗೆ ರವೆ ಹುರಿಯುವಾಗ, ರೈಲಿನ ಕಿಟಕಿಯಲ್ಲಿ ತೆಂಗಿನ ತೋಟಗಳು ಹಿಂದೆ ಓಡುವಾಗ, ಮಗಳ ಜಡೆ ಹಾಕುವಾಗ, ನಾನೆಲ್ಲಿ ತಪ್ಪಿದೆ ಎಂದೇ ಯೋಚನೆ. ಕೊನೆಗೆ ಉಮಾಶಂಕರ್ ಸರ್ ಕನ್ನಡಕ ಹಣೆಗೇರಿಸಿ, "ಒಂದು ತಿದ್ದುಪಡಿಯ ಗುಣಕ ಹಾಕಿಬಿಡಿಯಮ್ಮ. ಎರಡನೇ ವರ್ಷಕ್ಕೆ ನಿಮ್ಮ ಗೆರೇನ ಸ್ವಲ್ಪ ಮೇಲೆತ್ತಿ. ಎಲ್ಲರೂ ಎತ್ತೋದೇ," ಎಂದರು. ಒಳ್ಳೆಯ ಮನುಷ್ಯ. ಅವಳಿಗೆ ನೆರವಾಗಲೆಂದೇ ಹೇಳಿದ್ದು. ಎತ್ತಿದಳು. ಗೆರೆ ನಡುವಿನ ಚುಕ್ಕೆಗಳಿಗೆ ತಾಗಿತು, ಎರಡೂ ತುದಿಯಲ್ಲಿ ತಾಗಲಿಲ್ಲ. "ತುದಿ ಯಾರು ನೋಡ್ತಾರೆ?" ಎಂದರು ಸರ್. ಗುಣಕಕ್ಕೊಂದು ಗಂಭೀರವಾದ ಹೆಸರು ಕೊಟ್ಟು, ಒಂದೂವರೆ ಪುಟ ಸಮರ್ಥನೆ ಬರೆದು, ಮಂಜುಳಾ ಟೇಪು ಕಟ್ಟಿದಳು. ಬರೆದ ದಿನದಿಂದ ಆ ಒಂದೂವರೆ ಪುಟ ಚಪ್ಪಲಿಯೊಳಗೆ ಸೇರಿದ ಹರಳಿನ ಹಾಗೆ ಇತ್ತು. ನಡೆಯುವುದಕ್ಕೇನೂ ತೊಂದರೆಯಿಲ್ಲ, ಆದರೆ ಇದೆ.

ಎಲ್ಲರೂ ಆರಾಮವಾಗಿ ಬಸ್ ಸ್ಟ್ಯಾಂಡಿಗೆ ಬಂದರು. ಸಿದ್ಧಾರ್ಥ ಬಾಳೆಹಣ್ಣು ಕೊಳ್ಳಲು ನಿಂತ. ಹಣ್ಣಿನ ಬುಟ್ಟಿಯ ಬಸಮ್ಮ, "ಎಲ್ಲಿಗೆ ಹೊರಟ್ರಿ ಎಲ್ಲಾ?" ಎಂದಳು.

"ಹಳೇಬೀಡು ಬಸ್ಸಿಗೆ."

"ಅದೀಗ ಜಾವಗಲ್ ಹತ್ರ ಹೋಗಿರ್ತದೆ ಕಣ್ರೀ. ಆಗಲೇ ಹೋಯ್ತಲ್ಲ!"

"ಆಗಲೇ ಹೆಂಗೆ ಹೋಗ್ತದೆ? ಇನ್ನೂ ಟೈಮಿದೆ," ಸಿದ್ಧಾರ್ಥ ದಬಾಯಿಸಿದ. ಬಸಮ್ಮ ಬಸ್ ಸ್ಟ್ಯಾಂಡಿನ ದೊಡ್ಡ ಗಡಿಯಾರದ ಕಡೆ ಗದ್ದ ಎತ್ತಿದಳು. ಮಂಜುಳಾ ಬ್ಯಾಗಿನಿಂದ ತನ್ನ ವಾಚು ತೆಗೆದು ನೋಡಿದಳು. ಎರಡೂ ಒಂದೇ ಹೇಳುತ್ತಿದ್ದವು. ಮುಂದಿನ ಬಸ್ಸಿಗೆ ಇನ್ನೂ ಒಂದು ಗಂಟೆಯ ಮೇಲಿತ್ತು.

"ನೋಡ್ದಾ," ಎಂದ ಸಿದ್ಧಾರ್ಥ ಬೆಂಚಿನ ಮೇಲೆ ಕುಸಿಯುತ್ತ. ಮಾತು ತಾನಾಗಿಯೇ ಹಳೆಯ ಹಳಿಗೆ ಬಿತ್ತು. "ಬೆಳಬೆಳಗ್ಗೆ ಕಿಟಕಿ ಒರೆಸ್ಕೊಂಡು ಕೂತಿದ್ರೆ ಇನ್ನೇನಾಗುತ್ತೆ? ಮಂಜುಳಾ ಟೈಮ್!"

"ಮೊದಲು ರೆಡಿಯಾಗಿದ್ದು ಅಮ್ಮ," ಎಂದಳು ಧನುಶ್ರೀ.

"ರೆಡಿಯಾಗಿದ್ಲು ಸರಿ. ಆದರೆ ಗಡಿಯಾರ ಯಾಕೆ ಹಿಂದೆ ಬಿತ್ತು? ಸೆಲ್ ಮುಗೀತಾ ಬಂತೇನೋ."

"ಸೆಲ್ಲು ಹೊಸದು," ಎಂದರು ಸಣ್ಣತಾಯಮ್ಮ. ಹೇಳಿದ ಮೇಲೆ ಅವರ ಮುಖ ಒಂದು ಥರ ಆಯಿತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

"ಅಮ್ಮಾ?" ಎಂದ ಸಿದ್ಧಾರ್ಥ.

"ಏನ್ಲಾ?"

"ಏನ್ ಮಾಡಿದೆ?"

"ನಾನೇನ್ ಮಾಡ್ದೆ? ನಿಂತೋಗಿತ್ತು. ಬೆಳಿಗ್ಗೆ ಎದ್ದು ಸೆಲ್ ಹಾಕ್ದೆ. ರೇಡಿಯೋದಾಗೆ ವಾರ್ತೆ ಸುರುವಾಯ್ತಲ್ಲ, ಅದಕ್ಕೆ ಸರಿಯಾಗಿ ಇಟ್ಟೆ. ನಮ್ಮ ತಮ್ಮನ ಮನೆ ಕಾರ್ಯ, ಇವತ್ತಾದ್ರೂ ಗಡಿಯಾರ ನೆಟ್ಟಗಿರ್ಲಿ ಅಂತ."

"ಸರಿಯಾಗಿ ಇಟ್ಟವಳು ಹೇಳೋದಲ್ವಾ? ನಾವೆಲ್ಲ ಕಾಲು ಗಂಟೆ ಕಳ್ಕೊಂಡು ಕೂತಿದ್ವಿ!"

"ಹೇಳೋಕೇನು, ನಾನೂ ಕಳೆದ್ನಲ್ಲ!" ಎಂದರು ಸಣ್ಣತಾಯಮ್ಮ. "ತಲೆ ಬಾಚ್ಕೊಂತ ನೋಡ್ದೆ, ಇನ್ನೂ ಕಾಲು ಗಂಟೆ ಐತೆ ಅಂತ ಅಂದ್ಕೊಂಡೆ. ನಾನೇ ಸರಿಗಿಟ್ಟು ನಾನೇ ಕಳೆದೆ ಕಣಪ್ಪ!"

ಸಿದ್ಧಾರ್ಥ ನಗುವುದಕ್ಕೆ ಶುರು ಮಾಡಿದ. ಧನುಶ್ರೀ ಅಜ್ಜಿಯ ಮಡಿಲಿಗೆ ತಲೆ ಇಟ್ಟು ನಕ್ಕಳು. ಬಸಮ್ಮನಿಗೆ ಏನೂ ತಿಳಿಯದಿದ್ದರೂ ಬುಟ್ಟಿ ಹಿಡಿದುಕೊಂಡು ಕುಲುಕಿ ಕುಲುಕಿ ನಕ್ಕಳು. ಕೊನೆಗೆ ಸಣ್ಣತಾಯಮ್ಮನವರೇ ಕಣ್ಣೊರೆಸಿಕೊಂಡು, "ಕೈಗೆ ಹಂಗೆ ರೂಢಿಯಾಗೋಗೈತೆ, ಏನ್ ಮಾಡೋದು," ಎಂದರು.

ಎಲ್ಲರ ಜೊತೆ ನಗುತ್ತಿದ್ದ ಮಂಜುಳಾಳ ನಗು ನಡುವೆಯೇ ನಿಂತುಬಿಟ್ಟಿತು.

ಚುಕ್ಕೆಗಳು ಕಣ್ಣ ಮುಂದೆ ಬಂದವು. ಗೆರೆಯಿಂದ ಮೇಲೆ ಹಾರಿಕೊಂಡಿದ್ದ ಆ ಎರಡನೆಯ ವರ್ಷದ ಗುಬ್ಬಿಗಳು. ಅವು ಮೇಲೆ ಹೋಗಿಲ್ಲ. ಪಕ್ಕಕ್ಕೆ ಹೋಗಿವೆ. ಎಲ್ಲವೂ ಒಂದೇ ಅಳತೆಗೆ ಎಡಕ್ಕೆ. ಗೆರೆ ಓರೆಯಾಗಿರುವುದರಿಂದ ಎಡಕ್ಕೆ ಸರಿದದ್ದು ಮೇಲೆ ಹೋದ ಹಾಗೆ ಕಾಣುತ್ತಿದೆ. ಗೆರೆ ಕಡಿದಾಗಿರುವ ಕಡೆ ಜಾಸ್ತಿ, ಮಟ್ಟಸವಾಗಿರುವ ಕಡೆ ಕಡಿಮೆ. ಇಷ್ಟು ದಿನ ಅವಳು ಗೆರೆಯನ್ನು ಎತ್ತಿ ಎತ್ತಿ ಸುಸ್ತಾಗಿದ್ದಳು. ಚುಕ್ಕೆಗಳನ್ನು ಬಲಕ್ಕೆ ಮೂರು ಡಿಗ್ರಿ ಸರಿಸಿದ್ದರೆ ಸಾಕಿತ್ತು.

ಮೂರು ಕಳೆಯಿರಿ.

"ಈಗ ಬಂದೆ," ಎಂದು ಎದ್ದು ಎಸ್.ಟಿ.ಡಿ. ಬೂತಿಗೆ ಹೋದಳು. ಮೊಬೈಲು ಆಗಿನ್ನೂ ಸಿದ್ಧಾರ್ಥನ ಮ್ಯಾನೇಜರ ಜೇಬಿನಲ್ಲಿ ಮಾತ್ರ ಇತ್ತು. ಕಂಟ್ರೋಲ್ ರೂಮಿನ ನಂಬರು ಅವಳಿಗೆ ಬಾಯಿಪಾಠ. ಪುಣ್ಯಕ್ಕೆ ಆ ದಿನದ ಪಾಳಿ ಕಲ್ಲೇಶಪ್ಪನದೇ.

"ನಮಸ್ಕಾರ ಮೇಡಂ! ಇನ್ನೇನು ಡಾಕ್ಟರ್ ಆದ್ರಾ?"

"ಇನ್ನೂ ಇಲ್ಲ. ಒಂದು ಕೇಳ್ಬೇಕಿತ್ತು. ಆ ವೇನ್ ಡಯಲಿನ ಮುಳ್ಳು ಈಗಲೂ ಮೂರು ಡಿಗ್ರಿ ಜಾಸ್ತಿ ತೋರಿಸುತ್ತಾ?"

"ಇಲ್ವಲ್ಲ ಮೇಡಂ. ಹೋದ ವರ್ಷ ಯುಗಾದಿ ಹೊತ್ತಿಗೆ ಮಿಷಿನ್ ನಿಲ್ಲಿಸಿದ್ವಿ ನೋಡಿ, ಆಗ ಮೀಟರ್ ರಿಪೇರಿಯೋರು ಬಂದು ಸರಿ ಮಾಡಿದ್ರು. ಈಗ ಪಕ್ಕಾ. ಚೀಟೀನೂ ಕಿತ್ತಾಕಿದೀವಿ."

"ಹಾಗಾದ್ರೆ ಬರೆಯೋವಾಗ ಕಳೆಯೋದು ಬಿಟ್ರಿ?"

"ಓ, ಮತ್ತೆ! ಈಗ್ಯಾಕೆ ಕಳೀತೀವಿ?"

"ಈಗಷ್ಟೇ ಬರೆದದ್ದು ಎಷ್ಟಿದೆ, ಸ್ವಲ್ಪ ನೋಡಿ."

"ಐವತ್ತೆಂಟು."

"ಮುಳ್ಳು ಎಷ್ಟು ತೋರಿಸ್ತಿದೆ?"

ಕುರ್ಚಿ ಸರಿದ ಸದ್ದಾಯಿತು. ಹಿಂದೆ ಎಲ್ಲೋ ಯಂತ್ರ ಗುಂಯ್‌ಗುಡುತ್ತಿತ್ತು.

"ಅರವತ್ತೊಂದು," ಎಂದ ಕೊನೆಗೆ. ಆಮೇಲೆ, "ಅಯ್ಯೋ ಮೇಡಂ!"

"ನಮ್ಮ ಮನೇಲೂ ಇವತ್ತು ಹಿಂಗೇ ಆಯ್ತು. ಬಸ್ಸು ಹೋಯ್ತು," ಎಂದಳು ಮಂಜುಳಾ.

"ಏನು ಮೇಡಂ?"

"ಏನಿಲ್ಲ. ನಾಲ್ಕೂ ಪಾಳಿಯವರು ಹಿಂಗೇನಾ?"

"ನಂಗೆ ಕಲಿಸಿದೋರು ಕಳೀತಿದ್ರು, ನಾನು ಬೇರೆಯೋರಿಗೆ ಹಂಗೇ ಕಲಿಸಿದೆ. ಕೈ ತಾನಾಗೇ ಕಳೆಯುತ್ತೆ ಮೇಡಂ." ಅವನ ದನಿ ಇಳಿಯಿತು. "ನಮ್ಮ ಸಾಹೇಬ್ರಿಗೆ ಹೇಳ್ಬೇಡಿ."

"ಹೇಳಲ್ಲ," ಎಂದಳು. ಹೇಳಿದ ಮೇಲೆ, ಥೀಸಿಸ್ಸು ಹೇಳುತ್ತದಲ್ಲ ಎಂದುಕೊಂಡು ಅವಳಿಗೆ ನಗು ಬಂತು.

ಬೂತಿನಿಂದ ಹೊರಗೆ ಬಂದಾಗ ಬಿಸಿಲು ಚೆನ್ನಾಗಿ ಏರಿತ್ತು. ಅವಳ ಲೆಕ್ಕ ಮೊದಲಿನಿಂದಲೂ ಸರಿಯಿತ್ತು. ಅದು ಗೊತ್ತಾದರೆ ಕುಣಿದಾಡುವ ಹಾಗಾಗುತ್ತದೆ ಎಂದುಕೊಂಡಿದ್ದಳು. ಹಾಗೇನೂ ಆಗಲಿಲ್ಲ. ಅನ್ನಿಸಿದ್ದು ಸಣ್ಣದೊಂದು ನಾಚಿಕೆ. ಯಾರೋ ಬರೆದ ಅಳತೆಯನ್ನು ಒಂದು ದಿನವೂ ಅನುಮಾನಿಸದೆ, ತಾನು ಕಟ್ಟಿದ್ದನ್ನೇ ಎಷ್ಟು ಸಲೀಸಾಗಿ ಅನುಮಾನಿಸಿದ್ದಳು! ಅದಕ್ಕೊಂದು ಗುಣಕ ಹಚ್ಚಿ, ಒಂದೂವರೆ ಪುಟ ಕ್ಷಮೆ ಬರೆದು ಕೂಡ ಇಟ್ಟಿದ್ದಳು.

"ಯಾರಿಗೇ ಫೋನು?" ಎಂದ ಸಿದ್ಧಾರ್ಥ.

"ಕಲ್ಲೇಶಪ್ಪನವರಿಗೆ."

"ಭಾನುವಾರಾನೂ ಬಿಡಲ್ವಾ ಪಾಪದವನ್ನ! ನಾಳೆ ಕೊಟ್ಟು ಕೈ ತೊಳ್ಕೊಂಡ್ಬಿಡು ಮಾರಾಯ್ತಿ. ನಮಗೂ ಒಬ್ಬ ಹೆಂಡ್ತಿ ಸಿಗ್ತಾಳೆ."

"ಸಿಕ್ಕಿದ ಮೇಲೆ ಏನ್ ಮಾಡ್ತೀರಿ?"

ಸಿದ್ಧಾರ್ಥ ಯೋಚಿಸಿದ. "ಅದನ್ನ ಇನ್ನೂ ಪ್ಲಾನ್ ಮಾಡಿಲ್ಲ," ಎಂದ ಪ್ರಾಮಾಣಿಕವಾಗಿ.

ಮಾದಿಹಳ್ಳಿ ಮುಟ್ಟುವಷ್ಟರಲ್ಲಿ ವಂದನೆ ಮುಗಿದಿತ್ತು. ಹೊಸ ಸುಣ್ಣದ ವಾಸನೆಯ ನಡುವೆ ಎಲೆ ಹಾಕುತ್ತಿದ್ದರು. ತಮ್ಮಯ್ಯ ಹೆಗಲ ಮೇಲಿನ ಟವಲು ಸರಿ ಮಾಡಿಕೊಳ್ಳುತ್ತ ಬಾಗಿಲಿಗೆ ಬಂದ.

"ಏನಕ್ಕ, ಒಡಹುಟ್ಟಿದೋಳೇ ಊಟದ ಹೊತ್ತಿಗೆ ಬಂದ್ರೆ ಹೆಂಗೆ? ನಿಮ್ಮೋಸ್ಕರ ಎಷ್ಟು ಹೊತ್ತು ಕಾದ್ವಿ ಗೊತ್ತಾ?" ಎಂದವನು ಮಂಜುಳಾಳನ್ನು ಕಂಡು ಮುಖ ಅರಳಿಸಿದ. "ಓಹೋ, ಗೊತ್ತಾಯ್ತು ಬಿಡು. ನಮ್ಮ ಎಂಜಿನಿಯರಮ್ಮ ತಡ ಮಾಡವ್ರೆ."

ಮಂಜುಳಾ ಅತ್ತೆಯ ಕಡೆ ನೋಡಿದಳು. ಸಣ್ಣತಾಯಮ್ಮ ತಮ್ಮನನ್ನು ನೋಡಿದರು, ಹೊಸ ಮನೆಯ ಬಾಗಿಲನ್ನು ನೋಡಿದರು, ಸೊಸೆಯನ್ನು ಮಾತ್ರ ನೋಡಲಿಲ್ಲ.

"ಹೂಂ ಕಣಪ್ಪ," ಎಂದರು. "ನಿಂಗೊತ್ತಲ್ಲ."

ಧನುಶ್ರೀ ಬಾಯಿ ತೆರೆದಳು. ಸಿದ್ಧಾರ್ಥ ಅವಳ ಭುಜದ ಮೇಲೆ ಕೈಯಿಟ್ಟು, ಹೆಂಡತಿಯ ಕಡೆ ತಿರುಗಿ ಒಂದು ಕಣ್ಣು ಮಿಟುಕಿಸಿದ. ಅದರಲ್ಲಿ ಬೇಡಿಕೆಯೂ ಇತ್ತು, ತಮಾಷೆಯೂ ಇತ್ತು. ಅಮ್ಮನ ಮಾನ ಉಳಿಸು ಎಂದಿತ್ತು.

"ತಪ್ಪಾಯ್ತು ಮಾವ," ಎಂದಳು ಮಂಜುಳಾ. "ಕಿಟಕಿ ಒರೆಸ್ತಾ ಕೂತ್ಬಿಟ್ಟೆ."

ಎಲ್ಲರೂ ನಕ್ಕರು. ತಮ್ಮಯ್ಯನಿಗಂತೂ ಬಲು ಸಂತೋಷ. "ಬಾರವ್ವ, ಬಾ. ನಾಳೆ ಡಾಕ್ಟರಾಗ್ತೀಯಂತೆ, ನಿಂಗೆಲ್ಲ ಮಾಫಿ," ಎಂದು ಒಳಗೆ ಕರೆದೊಯ್ದು, ಬಂದವರಿಗೆಲ್ಲ ತೋರಿಸಿದ. "ನಮ್ಮ ಸಿದ್ಧಾರ್ಥನ ಹೆಂಡ್ತಿ. ನಾಳೆ ಪುಸ್ತಕ ಕೊಡ್ತಾಳೆ. ನಮ್ಮ ಪೈಕಿ ಮೊದಲನೇ ಡಾಕ್ಟರಮ್ಮ. ಸೂಜಿ ಚುಚ್ಚೋ ಡಾಕ್ಟರಲ್ಲ, ಗಾಳಿ ಡಾಕ್ಟರು." ಒಬ್ಬ ಮುದುಕಿ ಅವಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು, ನನ್ನ ಮೊಣಕಾಲಿನಲ್ಲಿ ಗಾಳಿ ಸೇರಿಕೊಂಡಿದೆ, ಅದಕ್ಕೇನಾದರೂ ಇದೆಯೇ ಎಂದು ಕೇಳಿದಳು.

ಅನ್ನಕ್ಕೆ ಸಾರು ಕಲೆಸುತ್ತ ಮಂಜುಳಾ ಯೋಚಿಸಿದಳು. ಸಿಟ್ಟು ಬಂದಿರಲಿಲ್ಲ. ಈ ಜನ ಅವಳಿಗೆ ಕೆಟ್ಟದ್ದು ಬಯಸುವವರಲ್ಲ. ಅವಳು ಓದಲೆಂದು ಅತ್ತೆ ಎಷ್ಟು ಸಂಜೆ ತಾವೇ ಮುದ್ದೆ ತಿರುವಿದ್ದಾರೆ! ಸಿದ್ಧಾರ್ಥ ಸಾಲ ಮಾಡಿ ಕಂಪ್ಯೂಟರು ತಂದುಕೊಟ್ಟಿದ್ದಾನೆ. ಆದರೆ ಯಾವತ್ತೋ ಎರಡು ಸಲ ಅವಳ ಮುಳ್ಳು ತಪ್ಪು ತೋರಿಸಿತ್ತು. ಅದು ಸರಿಹೋದ ಮೇಲೂ ಎಲ್ಲರ ಕೈ ಕಳೆಯುತ್ತಲೇ ಇತ್ತು. ಅದಕ್ಕಿಂತ ತಮಾಷೆಯೆಂದರೆ, ಕಳೆಯುವವರ ಸಾಲಿನಲ್ಲಿ ಅವಳೂ ಕೂತಿದ್ದಳು. ಅತ್ತೆಯ ಹಾಗೆಯೇ. ತಾನೇ ಸರಿಗಿಟ್ಟು ತಾನೇ ಕಳೆದವಳು.

ನಾಳೆ ಕಟ್ಟು ಕೊಟ್ಟರೆ ಏನೂ ಆಗುವುದಿಲ್ಲ. ಸರ್ ಸಹಿ ಹಾಕುತ್ತಾರೆ. ಪರೀಕ್ಷಕರು ತುದಿ ನೋಡುವುದಿಲ್ಲ. ತಮ್ಮಯ್ಯ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾನೆ. ಮುಂದೆ ಯಾವತ್ತೋ ಎಲ್ಲಿಯದೋ ಹುಡುಗಿಯೊಬ್ಬಳು ಗೈಡ್ ವೇನ್ ಬಗ್ಗೆ ಓದುತ್ತ ಐದನೆಯ ಅಧ್ಯಾಯಕ್ಕೆ ಬರುತ್ತಾಳೆ. ಮಂಜುಳಾಳ ಗುಣಕವನ್ನು ಎತ್ತಿಕೊಂಡು ತನ್ನ ಲೆಕ್ಕಕ್ಕೆ ಹಚ್ಚುತ್ತಾಳೆ. ಆಮೇಲೆ ನಾನೆಲ್ಲಿ ತಪ್ಪಿದೆ ಎಂದು ಉಪ್ಪಿಟ್ಟು ಸೀಯಿಸಿಕೊಳ್ಳುತ್ತಾಳೆ.

"ಪಾಯಸ ಹಾಕಿಸ್ಕೊಳ್ಳೇ," ಎಂದರು ಪಕ್ಕದಲ್ಲಿದ್ದ ಸಣ್ಣತಾಯಮ್ಮ. ತಮ್ಮ ಎಲೆಗೆ ಬಂದ ಹೋಳಿಗೆಯನ್ನೂ ಎತ್ತಿ ಸೊಸೆಯ ಎಲೆಗೆ ಹಾಕಿದರು. ಕ್ಷಮೆ ಕೇಳುವುದಕ್ಕೆ ಅವರಿಗೆ ಗೊತ್ತಿದ್ದ ದಾರಿ ಅದೊಂದೇ. ಮಂಜುಳಾ ಹೋಳಿಗೆಯನ್ನು ಪೂರ್ತಿ ತಿಂದಳು.

ಸಂಜೆ ಮನೆಗೆ ಬಂದು ಕಾಲು ತೊಳೆದದ್ದೇ ಸಣ್ಣತಾಯಮ್ಮ ಮಗನಿಗೆ ಕುರ್ಚಿ ಎಳೆಯಲು ಹೇಳಿದರು. "ಮೊದ್ಲು ಅದನ್ನ ಮುಂದಕ್ಕಿಡ್ಲಾ. ಸರಿಯಾಗಿದ್ರೆ ನಮಗೆ ಆಗಿಬರಲ್ಲ."

"ಇಡ್ಲೇನೇ?" ಎಂದ ಸಿದ್ಧಾರ್ಥ ಕುರ್ಚಿಯ ಮೇಲಿಂದ ಹೆಂಡತಿಯನ್ನು ನೋಡಿ. "ನಾಳೆ ಬೇರೆ ರೈಲು ತಪ್ಪಬಾರದು."

"ಇಡಿ," ಎಂದಳು.

ಮುಳ್ಳು ಮುಂದಕ್ಕೆ ಹೋಯಿತು. ಮನೆಗೆ ಮತ್ತೆ ನೆಮ್ಮದಿ ಬಂತು. ಧನುಶ್ರೀ ಗಡಿಯಾರ ನೋಡಿ, ಕಳೆದು, ಟೀವಿ ಹಾಕಿದಳು.

ಮಂಜುಳಾ ಮೇಜಿನ ಹತ್ತಿರ ನಿಂತು ಕೆಂಪು ಟೇಪು ಬಿಚ್ಚಿದಳು. ಐದನೆಯ ಅಧ್ಯಾಯವನ್ನು ಹುಡುಕುವುದೇನಿರಲಿಲ್ಲ. ಕಟ್ಟು ತಾನಾಗಿಯೇ ಅಲ್ಲಿ ತೆರೆದುಕೊಂಡಿತು. ಆ ಒಂದೂವರೆ ಪುಟವನ್ನು ಒಮ್ಮೆ ಓದಿದಳು. ಚೆನ್ನಾಗಿಯೇ ಬರೆದಿದ್ದಳು. ಸುಳ್ಳು ಸಮರ್ಥನೆಗೆ ಭಾಷೆ ಎಷ್ಟು ಮುತುವರ್ಜಿಯಿಂದ ಒದಗಿ ಬರುತ್ತದೆ ಎಂದು ಅಚ್ಚರಿಯಾಯಿತು. ಎರಡು ಹಾಳೆಗಳನ್ನು ಎಳೆದುಕೊಂಡು, ಉಳಿದದ್ದನ್ನು ಮೊದಲಿನ ಹಾಗೆ ಜೋಡಿಸಿ, ಟೇಪನ್ನು ಮೊದಲಿನ ಹಾಗೇ ಗಂಟು ಹಾಕಿದಳು. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವ ಹಾಗಿರಲಿಲ್ಲ.

"ನಾಳೆ ಹಾಸನಕ್ಕೆ ಹೋಗೋದು ಖಾತ್ರಿ ತಾನೇ?" ಸಿದ್ಧಾರ್ಥ ಒಳಗಿನಿಂದ ಕೂಗಿದ.

"ಹೋಗ್ತೀನಿ."

"ಸರ್‌ನ ನೋಡ್ತೀಯ?"

"ನೋಡ್ತೀನಿ ರೀ."

ನೋಡುವುದು ಸಹಿಗೋ, ಮೂರು ಡಿಗ್ರಿಯ ವಿಷಯ ಹೇಳುವುದಕ್ಕೋ ಎಂದು ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಅಡುಗೆಮನೆಯಲ್ಲಿ ಸ್ಟೂಲು ಬೆಳಿಗ್ಗೆ ಬಿಟ್ಟಲ್ಲೇ ಇತ್ತು. ಮಂಜುಳಾ ಹತ್ತಿದಳು. ಒರೆಸದೆ ಉಳಿದಿದ್ದ ಕೊನೆಯ ಪಟ್ಟಿಯ ಮೇಲೆ ಜಿಡ್ಡು ಹಾಗೇ ಇತ್ತು. ಕೈಯಲ್ಲಿದ್ದ ಹಾಳೆಗಳನ್ನು ಮುದುರಿ, ಸ್ವಲ್ಪ ನೀರು ಹಚ್ಚಿ ಉಜ್ಜತೊಡಗಿದಳು. ಗುಣಕದ ಗಂಭೀರವಾದ ಹೆಸರು ಮಸಿಯಾಗಿ ಹರಡಿ, ಜಿಡ್ಡಿನ ಜೊತೆ ಬೆರೆತು ಹೋಯಿತು. ಒಳ್ಳೆಯ ಕಾಗದ. ಪೇಪರಿಗಿಂತ ಚೆನ್ನಾಗಿ ಒರೆಸುತ್ತಿತ್ತು.